ಎರಡುಗುಂಡಿನ ಗುಡ್ಡ

ಕಣಜನಹಳ್ಳಿಯಲ್ಲಿ ಬಸ್ಸಿನಿಂದ ಇಳಿದವರಿಗೆ ಎದುರಿಗೇ ಕಾಣುವುದು ಒಂದು ಬೋಳು ಗುಡ್ಡ. ಹತ್ತುವುದಕ್ಕೆ ಮೆಟ್ಟಿಲಿಲ್ಲ, ಹತ್ತಿದ ಮೇಲೆ ಗುಡಿಯಿಲ್ಲ, ಶಾಸನವಿಲ್ಲ, ಕುಳಿತುಕೊಳ್ಳಲು ನೆರಳೂ ಇಲ್ಲ. ನೆತ್ತಿಯ ಮೇಲೆ ಮಳೆನೀರು ನಿಲ್ಲುವ ಒಂದು ದೊಣೆ, ಅದರ ಪಕ್ಕದ ಹಾಸುಬಂಡೆಯ ಮೇಲೆ ಎರಡು ಕಲ್ಲು. ಕಲ್ಲುಗಳು ತೆಂಗಿನಕಾಯಿಗಿಂತ ದೊಡ್ಡವು, ಕುಂಬಳಕಾಯಿಗಿಂತ ಚಿಕ್ಕವು. ಒಳಮುಖ ಕಪ್ಪಾಗಿದೆ, ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತದೆ. ಮೂರನೆಯ ಕಲ್ಲು ಇರಬೇಕಾದ ಕಡೆ ಏನೂ ಇಲ್ಲ. ಅದನ್ನು ನೋಡಬೇಕಾದರೆ ಮತ್ತೆ ಗುಡ್ಡ ಇಳಿಯಬೇಕು. ಬುಡದ ಜಾಲಿಪೊದೆಯ ಹಿಂದೆ ಅದು ಒಂದು ಪಕ್ಕಕ್ಕೆ ವಾಲಿಕೊಂಡು ಬಿದ್ದಿದೆ; ಬೆನ್ನ ಮೇಲೆ ಅಂಗೈಯಷ್ಟಗಲ ಬಿಳಿಯ ಮಚ್ಚೆಯಿದೆ. ಊರವರು ಅದನ್ನು ಸುಣ್ಣ ಎನ್ನುತ್ತಾರೆ. ಬಂಡೆಯ ಮೇಲೆ ಬೆಳೆಯುವ ಪಾಚಿ ಒಣಗಿದರೂ ಹಾಗೆಯೇ ಕಾಣುತ್ತದಲ್ಲ ಎಂದರೆ ಒಪ್ಪುತ್ತಾರೆ. ಒಪ್ಪಿದ ಮೇಲೂ ಸುಣ್ಣ ಎಂದೇ ಕರೆಯುತ್ತಾರೆ. ಸರ್ಕಾರದ ನಕ್ಷೆಯಲ್ಲಿ ಈ ಗುಡ್ಡಕ್ಕೆ ಹೆಸರಿಲ್ಲ, ಒಂದು ಸಂಖ್ಯೆಯಿದೆ. ಊರಿನ ಬಾಯಲ್ಲಿ ಅದು ಎರಡುಗುಂಡಿನ ಗುಡ್ಡ. ಗುಂಡು ಎಂದರೆ ಒಲೆಗುಂಡು, ಮಡಕೆ ಕೂರಿಸಲು ಇಡುವ ಕಲ್ಲು.

ಒಲೆಗೆ ಗುಂಡು ಮೂರೇ ಏಕೆ ಎಂಬುದಕ್ಕೆ ವಿವರಣೆ ಕೊಡುವವರು ಎಲ್ಲ ಊರಿನಲ್ಲೂ ಇದ್ದಾರೆ. ತ್ರಿಮೂರ್ತಿಗಳು ಎನ್ನುವವರುಂಟು. ಹಿಂದಿನದು, ಇಂದಿನದು, ಮುಂದಿನದು ಎನ್ನುವವರುಂಟು. ದುಡಿಯುವವನು, ಬೇಯಿಸುವವಳು, ಉಣ್ಣುವ ಮಗು ಎಂದು ಕಣಜನಹಳ್ಳಿಯ ಮುದುಕಿಯರು ಹೇಳುತ್ತಾರೆ. ಎರಡರ ಮೇಲೆ ಮಡಕೆ ನಿಲ್ಲುವುದಿಲ್ಲ, ನಾಲ್ಕಾದರೆ ಅಲ್ಲಾಡುತ್ತದೆ. ತ್ರಿಮೂರ್ತಿಗಳಿಗೆ ಇದರಲ್ಲಿ ಹೆಚ್ಚಿನ ಕೆಲಸವೇನೂ ಇದ್ದಂತಿಲ್ಲ. ಆದರೆ ಅರ್ಥ ಕಲ್ಲಿನಲ್ಲಿ ಇಲ್ಲದಿದ್ದರೂ ಮಾತಿನಲ್ಲಿದೆ. ಗಂಡಹೆಂಡಿರು ಹೊಸ ಮನೆ ಮಾಡಿದರೆ ಒಲೆ ಹೂಡಿದರು ಎನ್ನುತ್ತೇವೆ. ಅಣ್ಣತಮ್ಮಂದಿರು ಪಾಲಾದರೆ ಮನೆ ಒಂದೇ ಇದ್ದರೂ ಒಲೆ ಬೇರೆಯಾಯಿತು ಎನ್ನುತ್ತೇವೆ. ಒಬ್ಬ ಮನುಷ್ಯ ಯಾರವನು ಎಂದು ತಿಳಿಯಲು ಅವನ ಅಪ್ಪ ಯಾರೆಂದು ಕೇಳಬೇಕಾಗಿಲ್ಲ, ಅವನ ಅನ್ನ ಯಾವ ಒಲೆಯ ಮೇಲೆ ಬೆಂದಿತೆಂದು ಕೇಳಿದರೆ ಸಾಕು. ಕಣಜನಹಳ್ಳಿಯಲ್ಲಿ ಇದರ ಜೊತೆಗೆ ಇನ್ನೊಂದು ಪದ್ಧತಿಯೂ ಇತ್ತು. ಮನೆಯ ಕೊನೆಯ ಜೀವ ಹೋದ ಮೇಲೆ ನೆಂಟರು ಒಲೆ ಕಿತ್ತು ಮೂರೂ ಗುಂಡುಗಳನ್ನು ಊರ ಗಡಿಯ ಹುಣಸೆಮರದ ಕೆಳಗೆ ಇಟ್ಟು ಬರುತ್ತಿದ್ದರು. ಅಲ್ಲಿಗೆ ಆ ಮನೆಯ ಲೆಕ್ಕ ಮುಗಿಯಿತು. ಆ ಗುಂಡುಗಳನ್ನು ಆಮೇಲೆ ಯಾರೂ ಮುಟ್ಟುತ್ತಿರಲಿಲ್ಲ. ಆ ಮನೆಯ ಹೆಸರಿನಲ್ಲಿ ಯಾರಾದರೂ ಬಂದು ಕೆಂಡ ಕೇಳಿದರೆ ಕೊಡುತ್ತಲೂ ಇರಲಿಲ್ಲ.

ಹಿಂದೆ ಒಮ್ಮೆ, ಈ ಸೀಮೆಯಲ್ಲಿ ಗುಡ್ಡಕ್ಕೊಬ್ಬ ನಾಯಕನಿದ್ದ ಕಾಲದಲ್ಲಿ, ಪಡುವಣ ಬೆಟ್ಟದ ನಾಯಕನೊಬ್ಬ ಕೋಟೆ ಕಟ್ಟಿಸಲು ಹೊರಟ. ಅವನ ಹೆಸರೇನೆಂದು ಇಂದು ಯಾರಿಗೂ ಗೊತ್ತಿಲ್ಲ. ಕೋಟೆಯ ಪಡುಗೋಡೆ ಪ್ರತಿ ಮಳೆಗಾಲದಲ್ಲಿ ಕುಸಿಯುತ್ತಿತ್ತು, ಪ್ರತಿ ಸಲವೂ ಕೆಳಗಿದ್ದವರ ಮೇಲೆ ಬೀಳುತ್ತಿತ್ತು. ಬೆಟ್ಟದ ದೇವಿ ಬಲಿ ಕೇಳುತ್ತಿದ್ದಳು ಎಂದು ಕಥೆ ಹೇಳುವವರು ಇಲ್ಲಿ ದನಿ ತಗ್ಗಿಸುತ್ತಾರೆ. ಮರಳುಮಣ್ಣಿನ ಮೇಲೆ ತಳಪಾಯವಿಲ್ಲದೆ ಗೋಡೆ ಎಬ್ಬಿಸಿದರೆ ದೇವಿ ಏನನ್ನೂ ಕೇಳಬೇಕಾಗಿಲ್ಲ. ಗೋಡೆಗೆ ಆಳು ಬೇಕಾಯಿತು. ನಾಯಕನ ಪಾರುಪತ್ಯಗಾರ, ಅಂದರೆ ಅವನ ಪರವಾಗಿ ಊರೂರು ತಿರುಗಿ ವಸೂಲಿ ನೋಡುವ ಅಧಿಕಾರಿ, ಒಂದು ಕಟ್ಟಳೆ ಮಾಡಿದ: ಒಲೆಗೊಂದು ಆಳು. ಮನೆಗೊಂದು ಎಂದರೆ ಜನ ನಾಲ್ಕು ಸಂಸಾರವನ್ನು ಒಂದೇ ಬಾಗಿಲೊಳಗೆ ತುಂಬಿಕೊಳ್ಳುತ್ತಾರೆ. ಒಲೆಯನ್ನು ಬಚ್ಚಿಡಲು ಬರುವುದಿಲ್ಲ, ಹೊಗೆ ಹೇಳಿಬಿಡುತ್ತದೆ. ಅವನ ಜೊತೆಗೆ ಸುಣ್ಣದ ಕುಡಿಕೆ ಹಿಡಿದ ಆಳೊಬ್ಬ ಬರುತ್ತಿದ್ದ. ಪಾರುಪತ್ಯಗಾರ ಅಡುಗೆಮನೆಯ ಬಾಗಿಲಲ್ಲಿ ನಿಂತು ಗುಂಡುಗಳನ್ನು ಎಣಿಸುವನು. ಮೂರಿದ್ದರೆ ಒಂದಕ್ಕೆ ಸುಣ್ಣ ಬಳಿಯುವರು. ಸುಣ್ಣ ಬಿದ್ದ ಒಲೆ ಒಬ್ಬನನ್ನು ಕೊಡಬೇಕು. ಆ ಒಲೆಯಲ್ಲಿ ಉಂಡ ಯಾರಾದರೂ ಸರಿ, ಕಲ್ಲು ಹೊರುವ ಶಕ್ತಿಯಿದ್ದರೆ ಆಯಿತು. ಹೋದವನು ಗೋಡೆಯ ಕೆಳಗೆ ಸತ್ತರೆ ಒಲೆ ಮತ್ತೆ ಕೊಡಬೇಕು.

ಕಣಜನಹಳ್ಳಿಯ ದ್ಯಾವಕ್ಕನ ಒಲೆ ಕೊಟ್ಟದ್ದು ಅವಳ ಗಂಡನನ್ನು. ಮೊದಲ ಮಳೆಗಾಲಕ್ಕೇ ಅವನು ಹೋದ. ಸುದ್ದಿ ತಂದವನು ಊರಿನ ತಳವಾರ. ಸುದ್ದಿಯ ಜೊತೆಗೇ ಒಲೆ ಇನ್ನೊಬ್ಬನನ್ನು ಕೊಡಬೇಕಾಗಿದೆ ಎಂಬುದನ್ನೂ ಹೇಳಿ ಹೋದ. ಮನೆಯಲ್ಲಿ ಉಳಿದಿದ್ದವನು ಮಗ ಕಾಟಣ್ಣ, ಮೀಸೆ ಆಗತಾನೇ ಮೂಡುತ್ತಿದ್ದ ಹುಡುಗ, ಗಟ್ಟಿಮುಟ್ಟಾಗಿದ್ದ. ಗಟ್ಟಿಮುಟ್ಟಾಗಿ ಸಾಕಿದ್ದೇ ತಪ್ಪಾಯಿತು ಎಂದು ದ್ಯಾವಕ್ಕ ಅಂದುಕೊಂಡಳಂತೆ. ಗಂಡನಿಗೆ ಅತ್ತು ಮುಗಿಸುವಷ್ಟು ಬಿಡುವು ಅವಳಿಗಿರಲಿಲ್ಲ. ಪಕ್ಕದ ಮನೆಯಲ್ಲಿ ಗಂಡನ ಅಣ್ಣ ಗ್ಯಾತಣ್ಣನಿದ್ದ. ಅವನ ಒಲೆ ಹಿರಿಮಗನನ್ನು ಕೊಟ್ಟಿತ್ತು, ಅವನು ಕೋಟೆಯಲ್ಲಿ ಬದುಕಿದ್ದ. ಹಾಗಾಗಿ ಆ ಒಲೆಯ ಮೇಲೆ ಬಾಕಿ ಇರಲಿಲ್ಲ. ದ್ಯಾವಕ್ಕ ಎರಡನ್ನೂ ಕೂಡಿಸಿ ನೋಡಿದಳು. ತನ್ನ ಒಲೆಯೇ ಇಲ್ಲದಿದ್ದರೆ ಅದು ಯಾರನ್ನೂ ಕೊಡಬೇಕಾಗಿಲ್ಲ. ಮಗ ಭಾವನ ಒಲೆಯಲ್ಲಿ ಉಂಡರೆ, ಅದು ಕೊಡುವುದನ್ನು ಆಗಲೇ ಕೊಟ್ಟಾಗಿದೆ. ಅವಳು ಹಾರೆ ತೆಗೆದುಕೊಂಡು ತನ್ನ ಒಲೆಯನ್ನು ತಾನೇ ಕಿತ್ತಳು. ಮೂರು ಗುಂಡುಗಳನ್ನೂ ಒಂದೊಂದಾಗಿ ಹೊತ್ತು ಗಡಿಯ ಹುಣಸೆಮರದ ಕೆಳಗೆ ಇಟ್ಟು ಬಂದಳು. ಹಾಡಹಗಲಲ್ಲಿ, ಬೀದಿಯ ನಡುವೆ, ಬದುಕಿರುವ ಮಗನನ್ನು ಮನೆಯಲ್ಲಿಟ್ಟುಕೊಂಡು ಒಲೆಗುಂಡು ಹೊತ್ತು ನಡೆದವಳನ್ನು ಆ ಊರು ಅದುವರೆಗೆ ನೋಡಿರಲಿಲ್ಲ. ಬಾಗಿಲಲ್ಲಿದ್ದ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರು ಎನ್ನುತ್ತಾರೆ.

ಗ್ಯಾತಣ್ಣ ಕೆಟ್ಟವನಲ್ಲ. ಕಥೆ ಹೇಳುವ ಕೆಲವರು ಅವನನ್ನು ಕೆಟ್ಟವನನ್ನಾಗಿ ಮಾಡುತ್ತಾರೆ, ಕಥೆಗೆ ಅದು ಅನುಕೂಲ. ಅವನು ಬಂದವರಿಬ್ಬರಿಗೂ ಜಾಗ ಕೊಟ್ಟ. ಅವನ ಹೆಂಡತಿ ಪುಟ್ಟೀರಮ್ಮ ಮಾತ್ರ ಮುದ್ದೆ ಬಡಿಸುವಾಗ ಒಂದು ಮಾತು ಆಡಿದಳು.

"ನನ್ನ ಮಗ ಕಲ್ಲು ಹೊರ್ತಾನೆ, ನಿನ್ನ ಮಗ ನೆಳ್ಳಾಗೆ ಕೂತು ಉಣ್ತಾನೆ. ಉಣ್ಲಿ ಬಿಡು ತಂಗಿ, ಒಲೆ ಒಂದೇ ಅಲ್ವಾ."

ದ್ಯಾವಕ್ಕ ಉಂಡು ಎಲೆ ಎತ್ತಿದಳು. ಮರುವರ್ಷದ ಮಳೆಗೆ ಪಡುಗೋಡೆ ಮತ್ತೆ ಬಿತ್ತು. ಪುಟ್ಟೀರಮ್ಮನ ಹಿರಿಮಗ ಅದರ ಕೆಳಗಿದ್ದ.

ಸೂತಕ ಕಳೆಯುವ ಮೊದಲೇ ಪಾರುಪತ್ಯಗಾರ ಬಂದು ಚಾವಡಿಯಲ್ಲಿ ಕುಳಿತ. ಗ್ಯಾತಣ್ಣ ತಾನೇ ಬರುತ್ತೇನೆಂದ. ಪಾರುಪತ್ಯಗಾರ ಅವನನ್ನು ಒಂದು ಸುತ್ತು ತಿರುಗಿಸಿ ನಿಲ್ಲಿಸಿ, ಗೂನುಬೆನ್ನು ನೋಡಿ, "ನಿನ್ನನ್ನ ಹೊರೋಕೆ ಇನ್ನೊಬ್ಬ ಬೇಕು" ಎಂದ. ಗ್ಯಾತಣ್ಣನಿಗೆ ಇನ್ನು ಉಳಿದಿದ್ದದ್ದು ಅಂಬೆಗಾಲಿಡುವ ಕೂಸು. ಆ ಒಲೆಯಲ್ಲಿ ಉಂಡ ಮೂರನೆಯ ಗಂಡಸು ಯಾರೆಂಬುದು ಚಾವಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ದ್ಯಾವಕ್ಕ ಹೆಂಗಸರ ಗುಂಪಿನಿಂದ ಮುಂದೆ ಬಂದು, ನನ್ನ ಮಗ ಈ ಒಲೆಯವನಲ್ಲ, ನಾವು ಬೇರೆ, ಎಂದಳು.

"ಬೇರೆ ಅಂದ್ರೆ ಯಾವ ಒಲೆ?" ಎಂದ ಪಾರುಪತ್ಯಗಾರ.

"ನಂದೇ, ಬುದ್ಧಿ."

"ನಿನ್ನ ಒಲೆ ನಿನ್ನ ಗಂಡ ಸತ್ತಾಗಿಂದ ಒಂದು ಆಳು ಬಾಕಿ ಐತೆ. ಅದಾದ್ರೆ ಅವನೇ ಬರ್ಬೇಕು. ಇದಾದ್ರೂ ಅವನೇ ಬರ್ಬೇಕು. ಯಾವ ಒಲೆ ಅಂತ ನೀನೇ ಹೇಳು ತಾಯಿ, ನಂದೇನೂ ತಕರಾರಿಲ್ಲ."

ಚಾವಡಿಯಲ್ಲಿ ಯಾರೋ ನಕ್ಕರು. ಪಾರುಪತ್ಯಗಾರ ನಗಲಿಲ್ಲ, ಅವನಿಗೆ ಅದು ತಮಾಷೆಯಾಗಿರಲಿಲ್ಲ, ಲೆಕ್ಕವಾಗಿತ್ತು. ಸುತ್ತಲಿನ ಹಳ್ಳಿಗಳನ್ನು ಮುಗಿಸಿ ಬರುತ್ತೇನೆ, ಅಷ್ಟರಲ್ಲಿ ತೀರ್ಮಾನ ಮಾಡಿ ಎಂದು ಹೇಳಿ ಹೋದ. ಆ ಸಂಜೆ ಪುಟ್ಟೀರಮ್ಮ ಬಡಿಸಲು ಬರಲಿಲ್ಲ, ಗೋಡೆಗೆ ಒರಗಿ ಕುಳಿತಿದ್ದಳು. ಗ್ಯಾತಣ್ಣ ತಾನೇ ಒಲೆಯ ಮುಂದೆ ಕುಳಿತು, ತಮ್ಮನ ಹೆಂಡತಿಯ ಮುಖ ನೋಡದೆ ಮಾತಾಡಿದ.

"ಒಲೆ ಒಂದೇ ಅಂತ ಬಂದೋಳು ನೀನು. ಬೇಡ ಅನ್ಲಿಲ್ಲ ನಾನು. ಈಗ ನಾನೇನು ಮಾಡ್ಲವ್ವ?"

"ನೀವೇನೂ ಮಾಡ್ಬೇಡಿ ಭಾವ," ಎಂದಳು ದ್ಯಾವಕ್ಕ. "ನಮ್ಮಿಬ್ರಿಗೂ ಇವತ್ತಿಂದ ಹಿಟ್ಟು ಹಾಕ್ಬೇಡಿ."

ಮರುದಿನ ಬೆಳಗ್ಗೆ ಅವಳು ಮಗನನ್ನು ಕರೆದುಕೊಂಡು ಹೊರಟಳು. ಊರೊಳಗೆ ಅವಳಿಗೆ ಯಾರೂ ಕೆಂಡ ಕೊಡುವಂತಿರಲಿಲ್ಲ, ಅವಳ ಒಲೆ ಸತ್ತ ಒಲೆ. ಗಡಿಯ ಹುಣಸೆಮರದ ಬುಡದಲ್ಲಿ ತನ್ನ ಗುಂಡುಗಳನ್ನು ಗುರುತು ಹಿಡಿದಳು; ವರ್ಷಗಟ್ಟಲೆ ಅಡುಗೆ ಮಾಡಿದ ಕಲ್ಲು ಹೆಂಗಸಿಗೆ ಗುರುತು ಸಿಗದೆ ಇರುವುದಿಲ್ಲ. ಮಗನ ತಲೆಯ ಮೇಲೆ ಹಿಟ್ಟಿನ ಮೂಟೆ ಮತ್ತು ಸೌದೆ, ಅವಳ ಕಂಕುಳಲ್ಲಿ ಮಡಕೆ, ತಲೆಯ ಮೇಲೆ ಸಿಂಬಿಯಿಟ್ಟು ಒಂದು ಗುಂಡು, ಮಡಿಲಲ್ಲಿ ಇನ್ನೊಂದು. ಸತ್ತ ಗುಂಡನ್ನು ಮಗ ಮುಟ್ಟಬಾರದೆಂದು ಅವನಿಂದ ಹೊರಿಸಲಿಲ್ಲ. ಬೋಳುಗುಡ್ಡದ ನೆತ್ತಿಗೆ ಹೋಗಿ ಎರಡನ್ನೂ ಇಟ್ಟು, ಚಕಮಕಿ ಕುಟ್ಟಿ ಬೆಂಕಿ ಮಾಡಿದಳು. ಇಲ್ಲಿ ಭಕ್ತಿಯಿಂದ ಕಥೆ ಹೇಳುವವರು, ಎರಡೇ ಗುಂಡು ಇಡಬೇಕೆಂದು ಅವಳಿಗೆ ಕನಸಿನಲ್ಲಿ ಅಪ್ಪಣೆಯಾಗಿತ್ತು ಎನ್ನುತ್ತಾರೆ. ಬಸ್ ನಿಲ್ದಾಣದಲ್ಲಿ ಮಂಡಕ್ಕಿ ಮಾರುವ ಓಬಮ್ಮ, ಈ ಕಥೆಯನ್ನು ಹೆಚ್ಚು ಬಣ್ಣವಿಲ್ಲದೆ ಹೇಳುವವಳು, ಬೇರೆ ಹೇಳುತ್ತಾಳೆ: ಒಂದು ಸಲಕ್ಕೆ ಹೊರಲಾದದ್ದು ಎರಡೇ. ಮೂರನೆಯದನ್ನು ತರಲು ಮತ್ತೆ ಇಳಿಯಬೇಕಿತ್ತು. ಮಗ ಹಸಿದಿದ್ದ. ಮೊದಲು ಅವನಿಗಿಷ್ಟು ಅಂಬಲಿ ಕಾಸಿಕೊಟ್ಟು ಆಮೇಲೆ ಇಳಿಯೋಣವೆಂದು ಎರಡರ ಮೇಲೆ ಮಡಕೆ ಕೂರಿಸಿ, ಮೂರನೆಯ ಪಕ್ಕವನ್ನು ಕೈಯಲ್ಲಿ ಹಿಡಿದುಕೊಂಡಳು.

ಪಾರುಪತ್ಯಗಾರ ಬಂದದ್ದು ಆಗ. ಊರಿಗೆ ಹಿಂತಿರುಗುವ ದಾರಿಯಲ್ಲಿ ಗುಡ್ಡದ ಮೇಲೆ ಹೊಗೆ ಕಂಡು, ಎಣಿಕೆಗೆ ಸಿಗದ ಒಲೆಯಿರಬೇಕೆಂದು ಸುಣ್ಣದವನನ್ನು ಜೊತೆಗಿಟ್ಟುಕೊಂಡು ಏದುಸಿರು ಬಿಡುತ್ತ ಹತ್ತಿ ಬಂದ. ನಿಂತು ಗುಂಡು ಎಣಿಸಿದ. ಒಂದು, ಎರಡು. ಮಡಕೆಯ ಇನ್ನೊಂದು ಪಕ್ಕಕ್ಕೆ ಬಂದು ಬಗ್ಗಿ ನೋಡಿದ.

"ಮೂರನೇದು ಎಲ್ಲಿ?"

"ಇಲ್ಲ ಬುದ್ಧಿ."

"ಮತ್ತೆ ಮಡಕೆ ಹೆಂಗೆ ನಿಂತೈತೆ?"

"ನಾನು ಹಿಡ್ಕೊಂಡಿದೀನಿ."

ಸುಣ್ಣದವನು ಕುಂಚವನ್ನು ಕುಡಿಕೆಯಲ್ಲಿ ಅದ್ದಿ ಎತ್ತಿಕೊಂಡು ನಿಂತಿದ್ದ. ಯಾವುದಕ್ಕೆ ಬಳಿಯಬೇಕೆಂದು ಒಡೆಯನ ಮುಖ ನೋಡಿದ. ಪಾರುಪತ್ಯಗಾರ ಕರುಣೆಯವನಲ್ಲ, ಕಟ್ಟುನಿಟ್ಟಿನವನು. ತಾನು ಮಾಡಿದ ಕಟ್ಟಳೆಯನ್ನು ತಾನೇ ಮುರಿಯುವವನಾಗಿದ್ದರೆ ನಾಯಕನ ಕೈಕೆಳಗೆ ಅಷ್ಟು ವರ್ಷ ಬಾಳುತ್ತಿರಲಿಲ್ಲ. ಒಲೆಯೆಂದರೆ ಮೂರು ಗುಂಡು. ಎರಡಿದ್ದರೆ ಅದು ಒಲೆಯಲ್ಲ. ಒಲೆಯಲ್ಲದ್ದರ ಮೇಲೆ ಬೆಂದದ್ದನ್ನು ಉಂಡವನು ಯಾವ ಒಲೆಯವನೂ ಅಲ್ಲ. ಅವನನ್ನು ಕೇಳುವುದಕ್ಕೆ ದಾರಿಯಿಲ್ಲ. ಕೊನೆಗೆ ಪಾರುಪತ್ಯಗಾರ ಷರತ್ತು ಹಾಕಿದ. ಕಲ್ಲಿನ ಬದಲು ಇಟ್ಟಿಗೆ, ಮರದ ತುಂಡು, ಬಂಡೆಯ ಮೂಲೆ ಯಾವುದು ಆನಿಸಿದರೂ ಅದು ಗುಂಡೇ. ಕೈ ಮಾತ್ರ ಗುಂಡಲ್ಲ. ಹುಡುಗ ದಿನವೂ ಇಲ್ಲಿಯೇ ಉಣ್ಣಬೇಕು, ದಿನವೂ ಇಲ್ಲಿಂದ ಹೊಗೆ ಏಳಬೇಕು. ಹೊಗೆ ಏಳದ ದಿನ ಅವನು ದೊಡ್ಡಪ್ಪನ ಒಲೆಯಲ್ಲಿ ಉಂಡನೆಂದು ಲೆಕ್ಕ. ಊರಿನ ತಳವಾರನನ್ನು ಗುಡ್ಡದ ಬುಡದಲ್ಲಿ ಕಾವಲು ಕೂರಿಸಿದ. ಆ ಕಾವಲೇ ತಳವಾರನ ಒಲೆ ಕೊಡಬೇಕಾದ ಆಳು ಎಂದು ಲೆಕ್ಕ ಹಾಕಿದ್ದರಿಂದ, ಅವನು ಕಂಡೂ ಕಣ್ಣು ಮುಚ್ಚಿಕೊಂಡರೆ ಅವನೇ ಗೋಡೆಗೆ ಹೋಗಬೇಕಿತ್ತು. ಇಳಿಯುವಾಗ ಪಾರುಪತ್ಯಗಾರ ತಿರುಗಿ, "ಗುಂಡು ಮೂರಾದ ದಿನ ಬರ್ತೀನಿ" ಎಂದ.

ಹೀಗೆ ಆಕಸ್ಮಿಕವಾಗಿ ಆದದ್ದು ಬದುಕಾಯಿತು. ಬರಿ ಅಂಬಲಿಯಾದರೆ ಬೇಗ ಕುದಿಯುತ್ತದೆ, ಮುದ್ದೆಯ ಎಸರಿಗೆ ಹೊತ್ತು ಬೇಕು, ಹುರುಳಿ ಬೇಯುವುದಕ್ಕಂತೂ ಕೊನೆಯೇ ಇಲ್ಲ. ಮೊದಮೊದಲು ದ್ಯಾವಕ್ಕ ಒದ್ದೆಬಟ್ಟೆ ಸುತ್ತಿಕೊಂಡಳು, ಎಡಗೈ ಬಲಗೈ ಬದಲಾಯಿಸಿದಳು, ದೊಣೆಯಲ್ಲಿ ಅದ್ದಿ ಅದ್ದಿ ಹಿಡಿದಳು. ಬಟ್ಟೆ ಸುಟ್ಟು ಹೋಯಿತು. ನೀರಿನ ಬೊಬ್ಬೆಗಳು ಎದ್ದು ಒಡೆದು ಅವುಗಳ ಮೇಲೆ ಮತ್ತೆ ಎದ್ದವು. ಕಾಟಣ್ಣ ತಾನು ಹಿಡಿಯುತ್ತೇನೆಂದು ಬಂದರೆ ಮೊಣಕೈಯಿಂದ ತಳ್ಳುತ್ತಿದ್ದಳು. "ನನ್ನ ಕೈ ಯಾರಿಗೆ ಬೇಕಾಗೈತೆ, ನೀನು ಹಿಟ್ಟು ತಿರುವು" ಎನ್ನುತ್ತಿದ್ದಳು. ಇಲ್ಲಿ ಬುದ್ಧಿಯಿರುವ ಯಾರಾದರೂ ಒಂದು ಪ್ರಶ್ನೆ ಕೇಳಬಹುದು. ಮಗನ ಕೈಯನ್ನೇ ಸುಡಲು ಬಿಟ್ಟಿದ್ದರೆ ಅವನು ಕಲ್ಲು ಎತ್ತಲಾರದವನಾಗಿ, ಗೋಡೆಗೆ ಬೇಡದವನಾಗಿ, ಬದುಕಿಕೊಳ್ಳುತ್ತಿದ್ದನಲ್ಲ? ಕೇಳಿದರೆ ಓಬಮ್ಮ ಕೇಳಿದವರ ಮುಖ ನೋಡುತ್ತಾಳೆ. ದ್ಯಾವಕ್ಕನಿಗೆ ಅದು ಹೊಳೆದಿರಲಿಲ್ಲ. ಅಥವಾ ಹೊಳೆದು, ಇನ್ನೂ ಗಟ್ಟಿಯಾಗಿ ಮಡಕೆ ಹಿಡಿದಳು.

ಊರು ಮೊದಲು ಬೈಯಿತು, ಆಮೇಲೆ ನೋಡಿತು, ಆಮೇಲೆ ನೋಡುವುದನ್ನು ಬಿಟ್ಟಿತು. ಗ್ಯಾತಣ್ಣನ ಕಡೆಯಿಂದ ಮಾತ್ರ ಹಿಟ್ಟು ಬರುತ್ತಿತ್ತು, ಬೇಯಿಸಿದ್ದಲ್ಲ, ಹಸಿ ಹಿಟ್ಟು; ಬೇಯಿಸಿದ್ದನ್ನು ಕಳಿಸಿದರೆ ಲೆಕ್ಕ ತಪ್ಪುತ್ತಿತ್ತು. ಹಿಟ್ಟು ತರುತ್ತಿದ್ದವಳು ಪುಟ್ಟೀರಮ್ಮ. ಗೋಡೆಗೆ ಅವಳ ಕೂಸು ಆಗುತ್ತಿರಲಿಲ್ಲವಾದ್ದರಿಂದ ಅವಳ ಒಲೆಯ ಬಾಕಿ ಬಾಕಿಯಾಗಿಯೇ ನಿಂತಿತ್ತು, ಅದಕ್ಕೆ ಬದಲಾಗಿ ಪಾರುಪತ್ಯಗಾರ ಅವರ ಎತ್ತು ಹೊಡೆದುಕೊಂಡು ಹೋಗಿದ್ದ. ಒಂದು ದಿನ ಅವಳು ಮೂಟೆ ಇಳಿಸಿ, ಓರಗಿತ್ತಿಯ ಕೈ ಬಿಡಿಸಿ ನೋಡಿದಳು. ಎಡಗೈಯ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು.

"ಸಾಕು ಕಣೇ," ಎಂದಳು ಪುಟ್ಟೀರಮ್ಮ.

"ಗೋಡೆ ಎಷ್ಟು ಎದ್ದೈತಂತೆ ಅಕ್ಕ?"

"ಎದೆಮಟ್ಟ ಅಂತಾರೆ."

"ಮುಗೀತದೆ ಹಂಗಾದ್ರೆ," ಎಂದಳು ದ್ಯಾವಕ್ಕ. ಗೋಡೆ ಮುಗಿದರೆ ಆಳು ಬೇಡ, ಆಳು ಬೇಡವಾದರೆ ಎಣಿಕೆ ಬೇಡ. ಅಲ್ಲಿಯವರೆಗೆ ಹಿಡಿದರೆ ಆಯಿತು. ಪ್ರತಿ ವರ್ಷವೂ ಗೋಡೆ ಎದೆಮಟ್ಟಕ್ಕೆ ಏಳುತ್ತಿತ್ತು. ಅದನ್ನು ಪುಟ್ಟೀರಮ್ಮ ಅವಳಿಗೆ ನೆನಪು ಮಾಡಲಿಲ್ಲ.

ಇದನ್ನೆಲ್ಲ ಎದುರು ಕುಳಿತು ಉಂಡವನು ಕಾಟಣ್ಣ. ಉಣ್ಣದಿರುವಂತಿರಲಿಲ್ಲ, ಅವನು ಉಣ್ಣುವುದನ್ನು ತಳವಾರ ನೋಡಬೇಕಿತ್ತು. ತುತ್ತಿನಲ್ಲಿ ಸುಟ್ಟ ಚರ್ಮದ ವಾಸನೆ ಬರುತ್ತಿತ್ತು ಎಂದು ಅವನು ದೊಡ್ಡಮ್ಮನ ಹತ್ತಿರ ಒಮ್ಮೆ ಹೇಳಿಕೊಂಡಿದ್ದನಂತೆ. ಒಂದು ಮಧ್ಯಾಹ್ನ ದ್ಯಾವಕ್ಕ ಎರಡು ಕೈಗಳನ್ನೂ ದೊಣೆಯ ನೀರಿನಲ್ಲಿಟ್ಟು ಕುಳಿತವಳು ಹಾಗೆಯೇ ಮಂಪರಿಗೆ ಜಾರಿದಳು. ಕಾಟಣ್ಣ ತಳವಾರ ಇಲ್ಲದ ಬದಿಯಿಂದ ಗುಡ್ಡ ಇಳಿದು ಹುಣಸೆಮರದವರೆಗೆ ಓಡಿದ. ಮೂರನೆಯ ಗುಂಡು ಅಲ್ಲಿಯೇ ಇತ್ತು. ಅದನ್ನು ಹೊತ್ತು ತಂದು ಇರಬೇಕಾದ ಜಾಗದಲ್ಲಿ ಇಟ್ಟ. ಬರಿದೇ ಇಡಲಿಲ್ಲ, ದೊಣೆಯ ಅಂಚಿನ ಮಣ್ಣು ಕಲಸಿ ಬುಡಕ್ಕೆ ಮೆತ್ತಿದ, ಮನೆಯಲ್ಲಿ ಒಲೆ ಹೂಡುವಾಗ ಹೇಗೆ ಮೆತ್ತುತ್ತಾರೋ ಹಾಗೆ. ಮಡಕೆ ಕೂರಿಸಿ ಬೆಂಕಿ ಮಾಡಿದ. ದ್ಯಾವಕ್ಕ ಕಣ್ಣು ಬಿಟ್ಟಾಗ ಮಡಕೆ ಯಾರ ಕೈಯೂ ಇಲ್ಲದೆ ತಾನೇ ನಿಂತು ಕುದಿಯುತ್ತಿತ್ತು.

ಅವಳು ಎದ್ದು ಬಂದು ಗುಂಡನ್ನು ಕೀಳಲು ಹೋದಳು. ಕಲ್ಲು ಕಾದಿತ್ತು, ಬೆರಳುಗಳು ಮಡಚುತ್ತಿರಲಿಲ್ಲ. ಎರಡು ಸಲ ಹಿಡಿದಳು, ಎರಡು ಸಲವೂ ಜಾರಿತು. ಕೀಳು ಎಂದು ಮಗನಿಗೆ ಹೇಳಿದಳು. ಅವನು ಕೀಳಲಿಲ್ಲ.

"ಕೈ ತೆಗಿಯವ್ವ," ಎಂದ. "ಇವತ್ತೊಂದು ದಿನ ಸುಮ್ನೆ ಕೂತ್ಕೊ. ನಾನು ಬಡಿಸ್ತೀನಿ, ಉಣ್ಣು."

"ಅವ್ರು ಬರ್ತಾರೆ ಕಣೋ."

"ಬರ್ಲಿ. ನಾನು ಒಂದು ಒಲೇನಾಗೆ ಉಂಡು ಹೋದೆ ಅಂತ ಆಗ್ಲಿ."

ಅವನು ಬಡಿಸಿದ. ಕೈಯಲ್ಲಿ ಹಿಡಿಯಲಾಗದ ತಾಯಿಗೆ ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟ. ಅವಳು ಉಂಡಳು. ಕೆಳಗೆ ತಳವಾರ ಮೇಲೆ ನೋಡಿದ. ದಿನವೂ ಹೊಗೆಯ ಪಕ್ಕದಲ್ಲಿ ಬಗ್ಗಿ ಕುಳಿತ ಹೆಂಗಸಿನ ಆಕಾರ ಕಾಣುತ್ತಿತ್ತು. ಇಂದು ಹೊಗೆ ಒಂದು ಕಡೆ, ಹೆಂಗಸು ಒಂದು ಕಡೆ. ಅವನು ಹತ್ತಿ ಬಂದ, ಎಣಿಸಿದ, ಇಳಿದ. ಸ್ವಲ್ಪ ಹೊತ್ತು ಗುಡ್ಡದ ಬುಡದಲ್ಲಿ ಕುಳಿತಿದ್ದ ಎನ್ನುತ್ತಾರೆ. ಆಮೇಲೆ ಎದ್ದು ಕೋಟೆಯ ದಾರಿ ಹಿಡಿದ. ಅವನಿಗೂ ಒಂದು ಒಲೆಯಿತ್ತು.

ಪಾರುಪತ್ಯಗಾರ ಬಂದು ಮೂರನೆಯ ಗುಂಡಿಗೆ ಸುಣ್ಣ ಬಳಿಸಿದ. ಕಾಟಣ್ಣ ತಾನಾಗಿಯೇ ಮುಂದೆ ನಡೆದ. ಅವನನ್ನು ಹಗ್ಗದಲ್ಲಿ ಕಟ್ಟಬೇಕಾಗಿ ಬರಲಿಲ್ಲ ಎಂಬುದನ್ನು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಅದರಲ್ಲಿ ಹೆಮ್ಮೆಪಡುವಂಥದ್ದು ಏನಿದೆಯೋ ತಿಳಿಯದು. ಅವರು ಗುಡ್ಡದ ಆಚೆ ಮರೆಯಾದ ಮೇಲೆ ದ್ಯಾವಕ್ಕ ಕಾಲಿನಿಂದ ಒದ್ದು ಒದ್ದು ಮಣ್ಣು ಬಿಡಿಸಿ, ಮೂರನೆಯ ಗುಂಡನ್ನು ಬಂಡೆಯ ಅಂಚಿನವರೆಗೆ ತಳ್ಳಿಕೊಂಡು ಹೋಗಿ ಕೆಳಗೆ ಉರುಳಿಸಿದಳು. ಬಂದು ಮತ್ತೆ ಎರಡು ಗುಂಡಿನ ಮೇಲೆ ಮಡಕೆಯಿಟ್ಟು, ಮೂರನೆಯ ಪಕ್ಕವನ್ನು ಕೈಯಲ್ಲಿ ಹಿಡಿದಳು. ಇಬ್ಬರಿಗಾಗುವಷ್ಟು ಬೇಯಿಸಿದಳು. ಮರುದಿನವೂ ಬೇಯಿಸಿದಳು. ಪುಟ್ಟೀರಮ್ಮ ಹತ್ತಿ ಬಂದು, ಇನ್ನು ಯಾರಿಗಾಗಿ ಇದು, ಇಳಿದು ಬಾ ಎಂದು ಸೆರಗು ಹಿಡಿದು ಎಳೆದಳು. ದ್ಯಾವಕ್ಕ ಬಿಡಿಸಿಕೊಂಡಳು. ಅವಳ ಲೆಕ್ಕ ಅವಳಿಗೆ ಸ್ಪಷ್ಟವಾಗಿತ್ತು. ಇದು ಒಲೆಯಲ್ಲ. ಒಲೆಯಲ್ಲದ್ದು ಆಳು ಕೊಡಬೇಕಾಗಿಲ್ಲ. ಕೊಡಬೇಕಾಗಿಲ್ಲದ ಆಳನ್ನು ಅವರು ಒಯ್ದಿದ್ದಾರೆ. ಹಾಗಾದರೆ ತಂದು ಬಿಡಬೇಕು. ಎರಡು ಗುಂಡಿನ ಹೊಗೆ ಕೋಟೆಯವರೆಗೆ ಕಾಣುತ್ತದೆ. ಪಾರುಪತ್ಯಗಾರ ಕಟ್ಟುನಿಟ್ಟಿನವನು, ಎಂದಾದರೊಂದು ದಿನ ಎಣಿಸಲು ಬಂದೇ ಬರುತ್ತಾನೆ.

ಅವನು ಬರಲಿಲ್ಲ. ಆ ಮಳೆಗಾಲದಲ್ಲಿ ಪಡುಗೋಡೆ ಬಿತ್ತು. ಕೆಳಗೆ ಯಾರಿದ್ದರೆಂದು ಈ ಸಲ ಯಾರೂ ಹೇಳಿಕಳಿಸಲಿಲ್ಲ, ಏಕೆಂದರೆ ಗುಂಡು ಮತ್ತೆ ಎರಡೇ ಆದ ಮೇಲೆ ಸುದ್ದಿ ಹೇಳಿ ಆಳು ಕೇಳಲು ಯಾವ ಒಲೆಯ ಬಾಗಿಲಿಗೆ ಹೋಗಬೇಕೆಂದು ತಳವಾರನಿಗೆ ಗೊತ್ತಿರಲಿಲ್ಲ. ಸುದ್ದಿ ಬಾರದ್ದರಿಂದ ದ್ಯಾವಕ್ಕ ಹಿಡಿದದ್ದನ್ನು ಬಿಡಲಿಲ್ಲ. ಹೊಗೆ ಎಷ್ಟು ವರ್ಷ ಎದ್ದಿತೆಂಬುದಕ್ಕೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೋಟೆಯನ್ನು ಬೇರೊಬ್ಬ ನಾಯಕ ಆ ಪಡುವಣ ಕಡೆಯಿಂದಲೇ ಹೊಕ್ಕು ಗೆದ್ದ ದಿನವೂ ಗುಡ್ಡದ ಮೇಲೆ ಹೊಗೆಯಿತ್ತು ಎಂಬಲ್ಲಿ ಮಾತ್ರ ಎಲ್ಲರೂ ಒಂದಾಗುತ್ತಾರೆ. ಗೆದ್ದವನಿಗೂ ಅದೇನೆಂದು ವಿಚಾರಿಸಲು ಪುರುಸೊತ್ತಿರಲಿಲ್ಲ. ಹೊಗೆ ಏಳದ ಬೆಳಗ್ಗೆ ಪುಟ್ಟೀರಮ್ಮನೇ ಮೇಲೆ ಹೋದವಳು. ಸತ್ತವರ ಮನೆಯ ಪದ್ಧತಿಯಂತೆ ಒಲೆ ಕಿತ್ತು ಗುಂಡುಗಳನ್ನು ಹುಣಸೆಮರಕ್ಕೆ ಒಯ್ಯಬೇಕಿತ್ತು. ಅವಳು ಒಯ್ಯಲಿಲ್ಲ. ಇದು ಒಲೆಯಲ್ಲವಲ್ಲ, ಕೀಳುವುದೇನನ್ನು ಎಂದಳಂತೆ. ಗುಡ್ಡಕ್ಕೆ ಹೆಸರು ಬಿದ್ದದ್ದು ಹಾಗೆ.

ಆ ಕೋಟೆಯಲ್ಲಿ ಈಗ ನೋಡುವುದಕ್ಕೆ ಏನೂ ಉಳಿದಿಲ್ಲ, ಪಡುಗೋಡೆಯಂತೂ ಇಲ್ಲವೇ ಇಲ್ಲ. ಎರಡುಗುಂಡಿನ ಗುಡ್ಡಕ್ಕೆ ಮಾತ್ರ ಜನ ಬರುತ್ತಾರೆ. ಹಬ್ಬದ ದಿನ, ಹರಕೆಯ ದಿನ ಎಂದೇನಿಲ್ಲ. ಯಾರನ್ನಾದರೂ ವಾಪಸ್ ಕೇಳುವುದಿದ್ದರೆ ಹೆಂಗಸರು ಬರುತ್ತಾರೆ. ಪೊಲೀಸರು ಕರೆದೊಯ್ದ ಗಂಡ, ಜಾತ್ರೆಗೆ ಹೋಗಿ ಬಾರದ ಮಗಳು, ಆಸ್ಪತ್ರೆಯಲ್ಲಿ ಮಾತು ನಿಂತ ಮಗು. ಎರಡು ಗುಂಡಿನ ಮೇಲೆ ಮಡಕೆಯಿಟ್ಟು, ಮೂರನೆಯ ಪಕ್ಕ ಕೈಯಲ್ಲಿ ಹಿಡಿದು, ಅಂಬಲಿ ಒಂದು ಕುದಿ ಬರುವವರೆಗೆ ಕೂರುತ್ತಾರೆ. ಈಚೆಗೆ ಅಲ್ಯೂಮಿನಿಯಂ ಪಾತ್ರೆ ತರುತ್ತಾರೆ, ಅದು ಮಡಕೆಗಿಂತ ಬೇಗ ಕಾಯುತ್ತದೆ; ಅಂಬಲಿ ಕುದಿಯುವುದೂ ಬೇಗ, ಕೈ ಸುಡುವುದೂ ಬೇಗ. ಹೀಗೆ ಕೇಳಿದವರಲ್ಲಿ ಯಾರಿಗಾದರೂ ವಾಪಸ್ ಸಿಕ್ಕಿತೇ ಎಂದು ಊರಿನಲ್ಲಿ ವಿಚಾರಿಸಿದರೆ ಒಬ್ಬರ ಹೆಸರನ್ನೂ ಹೇಳಲಾರರು. ಬರುವವರು ಮಾತ್ರ ಕಡಿಮೆಯಾಗಿಲ್ಲ.

ಕೆಲವು ವರ್ಷಗಳ ಹಿಂದೆ, ಬಂದವರಿಗೆ ಅನುಕೂಲವಾಗಲೆಂದು ಯಾರೋ ಪುಣ್ಯಾತ್ಮರು ಖರ್ಚು ಮಾಡಿ, ಉಜ್ಜಿ ನುಣುಪು ಮಾಡಿದ ಮೂರನೆಯ ಗುಂಡೊಂದನ್ನು ಸಿಮೆಂಟು ಹಾಕಿ ಕೂರಿಸಿದರು. ಸಿಮೆಂಟು ಒಣಗುವಷ್ಟರಲ್ಲಿ ಅದು ಗುಡ್ಡದ ಬುಡದಲ್ಲಿತ್ತು, ಹಳೆಯದರ ಪಕ್ಕದಲ್ಲಿ. ಉರುಳಿಸಿದವರು ಯಾರೆಂದು ಯಾರೂ ಹೇಳಲಿಲ್ಲ. ಇಟ್ಟಿದ್ದರೆ ನಿಮಗೇ ಒಳ್ಳೆಯದಿತ್ತಲ್ಲ, ಕೈ ಸುಡುತ್ತಿರಲಿಲ್ಲವಲ್ಲ ಎಂದರೆ ಓಬಮ್ಮ ಮಂಡಕ್ಕಿಯ ಪೊಟ್ಟಣ ಮಡಚುತ್ತಲೇ ಹೇಳುತ್ತಾಳೆ.

"ಮೂರಿಟ್ರೆ ಒಲೆ ಆಗ್ತದೆ ಸ್ವಾಮಿ. ಒಲೆ ಆದ್ರೆ ಅವ್ರು ಬಂದು ಕೇಳ್ತಾರೆ, ಆಳು ಎಲ್ಲಿ ಅಂತ. ಎರಡೇ ಇದ್ರೆ ನಾವು ಕೇಳ್ಬೋದು."

ಬುಡದಲ್ಲಿ ಎರಡು ಕಲ್ಲು, ನೆತ್ತಿಯಲ್ಲಿ ಎರಡು ಕಲ್ಲು, ನೆತ್ತಿಯ ಕಲ್ಲುಗಳ ನಡುವೆ ಒಂದಿಷ್ಟು ಬೂದಿ. ಹತ್ತಿ ಹೋದವರಿಗೆ ಕಾಣುವುದು ಇಷ್ಟೇ. ಬೂದಿ ಯಾವ ಕಾಲದ್ದೋ ಎಂದು ಕೈಯಿಟ್ಟು ನೋಡುವವರು ಸ್ವಲ್ಪ ಜೋಪಾನವಾಗಿರುವುದು ಒಳ್ಳೆಯದು.